ಎಂಬತ್ನಾಲ್ಕನೆಯ ಪುಟದ ನೀರು

ಕಾತ್ಯಾಯಿನಿಯ ಕೈಗೆ ಪುಸ್ತಕ ಕೊಡುವ ಮುಂಚೆ ಜನ ಎರಡು ಸಲ ಯೋಚಿಸುತ್ತಿದ್ದರು. ತೆಗೆದುಕೊಂಡು ಹೋಗಿ ಓದದೆ ಇಟ್ಟುಕೊಂಡರೆ ಎಂಬ ಚಿಂತೆ ಯಾರಿಗೂ ಇರಲಿಲ್ಲ. ಓದಿಬಿಡುತ್ತಾಳಲ್ಲ ಮಾರಾಯರೆ, ಅದೇ ಭಯ.

ಟೋಕಿಯೋದ ನಿಶಿ ಕಸಾಯಿಯ ಕನ್ನಡದ ಮನೆಗಳಿಗೆ ಪುಸ್ತಕ ಬರುವುದು ಸೂಟ್‌ಕೇಸಿನಲ್ಲಿ. ಬೆಂಗಳೂರಿಗೋ ಮೈಸೂರಿಗೋ ಹೋಗಿ ಬರುವವರು ಎರಡು ಮೂರಾದರೂ ತರಬೇಕು, ತಂದದ್ದು ಎಲ್ಲರ ಮನೆ ಸುತ್ತಬೇಕು. ಯಾರೂ ಬರೆದಿಡದ ಕಟ್ಟಳೆ ಇದು. ವಿಮಾನದವರು ಕೊಡುವ ತೂಕದಲ್ಲಿ ಸಾರಿನ ಪುಡಿ, ಹುರಿಗಾಳು, ಅತ್ತೆ ಕಟ್ಟಿಕೊಟ್ಟ ಉಪ್ಪಿನಕಾಯಿ ತುಂಬಿದ ಮೇಲೆ ಪುಸ್ತಕಕ್ಕೆ ಉಳಿಯುವ ಜಾಗ ಎಷ್ಟು? ಒಂದು ಸಲ ಕಾತ್ಯಾಯಿನಿ ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ, ತೂಕ ಹೆಚ್ಚಾಯಿತೆಂದು, ನಾಲ್ಕು ಅಚ್ಚು ಬೆಲ್ಲ ತೆಗೆದು ತಮ್ಮನ ಕೈಗೆ ವಾಪಸು ಕೊಟ್ಟು ಒಂದು ದಪ್ಪ ಕಾದಂಬರಿಯನ್ನು ಉಳಿಸಿಕೊಂಡಳು. ಮೂರು ತಲೆಮಾರಿನ ಕಥೆ, ಓದದಿದ್ದರೆ ಜನ್ಮವೇ ದಂಡ ಎಂಬಂತೆ ಹೊಗಳಿದ್ದರು. ಓದಿ ಮುಗಿಸಿ ತನ್ನ ನೋಟುಬುಕ್ಕಿನಲ್ಲಿ ಬರೆದಳು: "ನಿರೀಕ್ಷೆ: ಮೂರು ತಲೆಮಾರು. ಸಿಕ್ಕಿದ್ದು: ಒಂದೇ ತಲೆಮಾರು, ಮೂರು ಸಲ. ಬೆಲ್ಲ ತರಬೇಕಿತ್ತು."

ಈ ಧಾಟಿ ಅವಳಿಗೆ ಹೊಟ್ಟೆಪಾಡಿನಿಂದ ಬಂದದ್ದು. ಕಯಾಬಾಚೊದ ಒಂದು ಕಂಪನಿಯಲ್ಲಿ ಅವಳು ಟೆಸ್ಟರ್; ಬೇರೆಯವರು ಬರೆದ ಸಾಫ್ಟ್‌ವೇರಿನಲ್ಲಿ ತಪ್ಪು ಹುಡುಕುವುದೇ ಕೆಲಸ. ತಪ್ಪು ಸಿಕ್ಕರೆ ಎರಡು ಸಾಲು ಬರೆಯಬೇಕು. ಏನಾಗಬೇಕಿತ್ತು, ಏನಾಯಿತು. ಅಷ್ಟೇ. ಹದಿನೇಳು ವರ್ಷ ದಿನವೂ ಹೀಗೆ ಬರೆದವಳು ಪುಸ್ತಕ ಓದಿದ ಮೇಲೆ ಬೇರೆ ಥರ ಬರೆದಾಳೆಯೇ? ಎಂಟು ದಿನ ಜಪಾನು ಸುತ್ತಿ ಹೋದ ಮಹನೀಯರೊಬ್ಬರ ಮುನ್ನೂರು ಪುಟದ ಪ್ರವಾಸ ಕಥನದ ಬಗ್ಗೆ ಬರೆದಿದ್ದಳು: "ನಿರೀಕ್ಷೆ: ನಾನಿರುವ ಊರನ್ನು ಹೊಸ ಕಣ್ಣಲ್ಲಿ ನೋಡುವುದು. ಸಿಕ್ಕಿದ್ದು: ರೈಲು ಸಮಯಕ್ಕೆ ಸರಿಯಾಗಿ ಬರುತ್ತದೆ, ಒಂಬತ್ತು ಸಲ. ಜನ ತಲೆಬಾಗುತ್ತಾರೆ, ಇಪ್ಪತ್ತಮೂರು ಸಲ." ಬರೀ ಕುಹಕ ಎಂದುಕೊಳ್ಳಬೇಡಿ. ಕಾಲೇಜಿನಲ್ಲಿದ್ದಾಗ ದಿಂಬಿನ ಕೆಳಗೆ ಇಟ್ಟುಕೊಂಡು ಮಲಗುತ್ತಿದ್ದ ಕವನ ಸಂಕಲನವೊಂದನ್ನು ನಲವತ್ತೈದರಲ್ಲಿ ಮತ್ತೆ ಓದಿದಾಗ ಬರೆದದ್ದು ಹೀಗೆ: "ಇಪ್ಪತ್ತರಲ್ಲಿ ಅತ್ತ ಪುಟದಲ್ಲಿ ಈಗ ಆಕಳಿಕೆ ಬಂತು. ತಪ್ಪು ಪುಸ್ತಕದ್ದೋ ನನ್ನದೋ ತಿಳಿಯದು. ಬೇಜಾರಾಯಿತು." ಆ ದಿನ ಅವಳು ನಿಜವಾಗಿಯೂ ಊಟ ಬಿಟ್ಟಿದ್ದಳು.

ತಿಂಗಳ ಎರಡನೆಯ ಶನಿವಾರ ಮಧ್ಯಾಹ್ನ ಎರಡಕ್ಕೆ ಸ್ಟೇಷನ್ನಿನ ಹತ್ತಿರದ ಸಮುದಾಯ ಭವನದಲ್ಲಿ ಹತ್ತು ಹನ್ನೆರಡು ಜನ ಓದುಗರು ಸೇರುತ್ತಿದ್ದರು. ಸೇರಿಸುವವರು ಚಂದ್ರಮೌಳಿ, ಅರವತ್ತು ದಾಟಿದ, ಯಾರ ಮನಸ್ಸನ್ನೂ ನೋಯಿಸಲಾರದ ಹಿರಿಯರು. ಎಂಥ ಪುಸ್ತಕವಾದರೂ ಅವರ ಮಾತು ಒಂದೇ, "ಒಟ್ಟಾರೆ ಒಳ್ಳೆ ಪ್ರಯತ್ನ." ಆ ಮಾತು ಕೇಳಿದರೆ ಕಾತ್ಯಾಯಿನಿಗೆ ಮೈಯೆಲ್ಲ ಉರಿಯುತ್ತಿತ್ತು. ಒಳ್ಳೆ ಪ್ರಯತ್ನ ಅಂದರೆ ಪುಸ್ತಕದ ಬಾಯಿಗೆ ಗಂಗಾಜಲ ಬಿಟ್ಟ ಹಾಗೆ ಸಾರ್, ಚೆನ್ನಾಗಿಲ್ಲ ಅಂತಲೇ ಹೇಳಿ, ಅದು ಬದುಕಿಕೊಳ್ಳುತ್ತೆ ಎಂದು ವಾದಿಸುತ್ತಿದ್ದಳು. ಜನ ನಗುತ್ತಿದ್ದರು. ಅವಳ ಮಾತಿಗೋಸ್ಕರವೇ ಬರುವವರೂ ಇದ್ದರು.

ಇಸವಿ ಎರಡು ಸಾವಿರದ ಇಪ್ಪತ್ತಮೂರರ ಮೇ ತಿಂಗಳಲ್ಲಿ ಚಂದ್ರಮೌಳಿ ಫೋನ್ ಮಾಡಿ, ಒಸಾಕಾದ ಮಾಲತಿಯ ಪುಸ್ತಕ ಅಚ್ಚಾಗಿ ಬಂದಿದೆ ಎಂದರು. ಎರಡು ಸಾವಿರದ ಹನ್ನೊಂದರ ಭೂಕಂಪದ ದಿನಗಳ ನೆನಪು; ಹೆಸರು 'ನಡುಗಿದ ನೆಲ, ನಿಂತ ನಾವು'. ಬೆಂಗಳೂರಿನಲ್ಲಿ ಐನೂರು ಪ್ರತಿ ಮಾಡಿಸಿದ್ದಾರೆ, ಇಪ್ಪತ್ತು ಪ್ರತಿ ಸೂಟ್‌ಕೇಸು ಹತ್ತಿ ಬಂದಿವೆ, ಜೂನ್ ಸಭೆಗೆ ಮಾಲತಿಯೇ ಬರುತ್ತಾಳೆ.

"ಮೊದಲು ನೀವೇ ಮಾತಾಡ್ಬೇಕಂತೆ. ಅವ್ರೇ ಕೇಳ್ಕೊಂಡಿದಾರೆ," ಎಂದರು.

ಕಾತ್ಯಾಯಿನಿ ಹೂಂ ಎಂದಳು.

ಮಾಲತಿ ಅವಳಿಗೆ ಎಲ್ಲರಂಥ ಗೆಳತಿಯಲ್ಲ. ಇಬ್ಬರೂ ಟೋಕಿಯೋಗೆ ಬಂದ ಹೊಸತರಲ್ಲಿ ಓಜಿಮಾದ ಒಂದೇ ದೊಡ್ಡ ವಸತಿ ಕಟ್ಟಡದಲ್ಲಿದ್ದರು. ಮಾಲತಿ ಒಂಬತ್ತನೆಯ ಮಹಡಿ, ಕಾತ್ಯಾಯಿನಿ ಹನ್ನೊಂದನೆಯದು. ಒಬ್ಬರ ಮನೆಯ ಬೀಗದ ಕೈ ಇನ್ನೊಬ್ಬರ ಹತ್ತಿರ. ದೋಸೆ ಹಿಟ್ಟು ಮೇಲಿನಿಂದ ಕೆಳಗೆ, ಚಟ್ನಿ ಕೆಳಗಿನಿಂದ ಮೇಲೆ. ಆಮೇಲೆ ಮಾಲತಿಯ ಗಂಡ ಹೃಷಿಕೇಶನಿಗೆ ಒಸಾಕಾದಲ್ಲಿ ಕೆಲಸ ಸಿಕ್ಕಿ ಅವರು ಅತ್ತ ಹೋದರು. ಕಾತ್ಯಾಯಿನಿಯ ಮನೆಯವರು ನಿಶಿ ಕಸಾಯಿಗೆ ಬಂದರು. ಹಬ್ಬಕ್ಕೆ ಫೋನ್, ವರ್ಷಕ್ಕೊಮ್ಮೆ ಭೇಟಿ ತಪ್ಪಲಿಲ್ಲ. ಆದರೆ ಎರಡು ಸಾವಿರದ ಹನ್ನೊಂದರ ಮಾರ್ಚ್ ಹದಿನಾರರ ಬಗ್ಗೆ ಇಬ್ಬರೂ ಹನ್ನೆರಡು ವರ್ಷ ಒಂದು ಮಾತೂ ಆಡಿರಲಿಲ್ಲ.

ಪುಸ್ತಕವನ್ನು ಕಾತ್ಯಾಯಿನಿ ಓದಿದ್ದು ಬೆಳಗಿನ ತೋಜಾಯ್ ಲೈನಿನ ರೈಲಿನಲ್ಲಿ, ನಾಲ್ಕು ಕಡೆಯಿಂದಲೂ ಜನ ಒತ್ತುವಾಗ, ಪುಸ್ತಕ ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು. ಮೊದಲ ಎಂಬತ್ತು ಪುಟ ಚೆನ್ನಾಗಿತ್ತು. ಹನ್ನೊಂದನೆಯ ತಾರೀಕು ಕಟ್ಟಡ ತೂಗಿದ್ದು, ಬಚ್ಚಲ ತೊಟ್ಟಿಯ ನೀರು ಹಜಾರಕ್ಕೆ ಬಂದದ್ದು, ಕೊಂಬಿನಿ ಅಂಗಡಿಯ ಕಪಾಟುಗಳು ಬರಿದಾದದ್ದು. ಕೆಲಸದ ಮೇಲೆ ಸೆಂಡಾಯಿಗೆ ಹೋಗಿದ್ದ ಹೃಷಿಕೇಶನ ಸುದ್ದಿಯೇ ಆ ಊರಿಗೆ ಸುನಾಮಿ ಬಡಿದ ಮೇಲೆ ಸಿಗದೆ, ಹತ್ತು ತಿಂಗಳ ಇಂಚರಾಳನ್ನು ಎದೆಗವಚಿಕೊಂಡು ಮಾಲತಿ ಫೋನಿನ ಮುಂದೆ ಕೂತದ್ದು. ಆಮೇಲೆ ಎಂಬತ್ನಾಲ್ಕನೆಯ ಪುಟ ಬಂತು.

"ಹದಿನಾರನೆಯ ತಾರೀಕು ಬೆಳಗಿನ ಐದಕ್ಕೆ ಗೆಳತಿ ಕಾತ್ಯಾಯಿನಿ ಬೆಲ್ ಮಾಡಿದಳು. ನಾನು ಬಾಗಿಲು ತೆರೆದೆ. ಹೋಗಲೇಬೇಕಾಗಿದೆ ಎನ್ನುವಾಗ ಅವಳ ಕಣ್ಣು ತುಂಬಿತ್ತು. ಸಿಂಕಿನ ಕೆಳಗೆ ಹನ್ನೆರಡು ಬಾಟಲಿ ನೀರಿದೆ, ನಮ್ಮ ಮನೆಯ ಬೀಗದ ಕೈ ನಿನ್ನ ಹತ್ತಿರ ಇದೆಯಲ್ಲ, ಮಗುವಿಗೆ ಇಟ್ಟುಕೋ ಎಂದಳು. ವಾರದ ಮೇಲೆ, ವಿಕಿರಣ ಬೆರೆತ ನಲ್ಲಿ ನೀರನ್ನು ಹಸುಗೂಸುಗಳಿಗೆ ಕೊಡಬೇಡಿ ಎಂದು ಸರಕಾರ ಹೇಳಿದಾಗ ನನ್ನ ಮಗಳಿಗೆ ಹಾಲಿನ ಪುಡಿ ಕಲಸಿದ್ದು ಆ ನೀರಿನಲ್ಲಿ. ತನ್ನ ಮನೆಯ ನೀರನ್ನೆಲ್ಲ ಅವಳು ನಮಗೆ ಬಿಟ್ಟುಕೊಟ್ಟಳು."

ಕಾತ್ಯಾಯಿನಿ ಇಳಿಯಬೇಕಾದ ಸ್ಟೇಷನ್ ದಾಟಿ ಮೂರು ಸ್ಟೇಷನ್ ಮುಂದೆ ಹೋದಳು. ಮೊದಲು ಬಂದದ್ದು ನೆಮ್ಮದಿ. ಹೇಳಿಕೊಳ್ಳಲು ನಾಚಿಕೆಯಾಗುವಂಥ ನೆಮ್ಮದಿ. ಮಾಲತಿಗೆ ಗೊತ್ತಿಲ್ಲ, ಅಥವಾ ಮರೆತಿದ್ದಾಳೆ, ಅಥವಾ ಕ್ಷಮಿಸಿದ್ದಾಳೆ. ವಾಪಸು ಬರುವ ರೈಲು ಹತ್ತುವಾಗ ಆ ನೆಮ್ಮದಿ ಉಳಿದಿರಲಿಲ್ಲ.

ಯಾಕೆಂದರೆ ನಡೆದದ್ದು ಹಾಗಲ್ಲ. ಹದಿನೈದರ ಸಂಜೆ ಕಾತ್ಯಾಯಿನಿ ಮಾಲತಿಯ ಮನೆಯಲ್ಲೇ ಇದ್ದಳು. ಅಣು ಸ್ಥಾವರದಲ್ಲಿ ಮತ್ತೊಂದು ಸ್ಫೋಟವಾದ ಸುದ್ದಿ ಟಿವಿಯಲ್ಲಿ ಬರುತ್ತಿತ್ತು, ನೆಲ ಗಂಟೆಗೆರಡು ಸಲ ಅದುರುತ್ತಿತ್ತು. ಗಂಡ ಬದುಕಿದ್ದಾನೋ ಇಲ್ಲವೋ ತಿಳಿಯದೆ ಮಾಲತಿ ಊರು ಬಿಡುವಂತಿರಲಿಲ್ಲ. "ನಿನ್ನ ಬಿಟ್ಟು ನಾನು ಹೋಗಲ್ಲ ಕಣೆ, ಹೃಷಿಕೇಶ ಬರೋ ತನಕ ಇರ್ತೀನಿ," ಎಂದು ಕಾತ್ಯಾಯಿನಿ ಅವಳ ಕೈ ಹಿಡಿದು ಹೇಳಿದ್ದಳು. ಆ ರಾತ್ರಿಯೇ ಅವಳ ಗಂಡ ಹರಿಪ್ರಸಾದನ ಕಂಪನಿಯವರು ಬೆಳಗಿನ ವಿಮಾನಕ್ಕೆ ಮೂರು ಸೀಟು ಸಿಕ್ಕಿದೆ, ಐದೂಕಾಲಿಗೆ ಬಸ್ಸು ಎಂದರು. ಐದು ವರ್ಷದ ನಿಧಿ ನಿದ್ದೆಯಲ್ಲಿ ಕೆಮ್ಮುತ್ತಿದ್ದಳು. ಕಾತ್ಯಾಯಿನಿ ಸೂಟ್‌ಕೇಸು ತುಂಬಿದಳು.

ಮಗುವನ್ನು ಹೆಗಲ ಮೇಲೆ ಹಾಕಿಕೊಂಡು ಒಂಬತ್ತನೆಯ ಮಹಡಿಯಲ್ಲಿ ಇಳಿದದ್ದು ಹೇಳಿ ಹೋಗಲೆಂದೇ. ಬೆರಳು ಬೆಲ್ಲಿನ ತನಕ ಹೋಯಿತು. ಒತ್ತಿದರೆ ಆ ಮುಖ ನೋಡಬೇಕು. ಕೊನೆಗೆ ಮಾಲತಿಯ ಮನೆಯ ಬೀಗದ ಕೈಯನ್ನು ಬಾಗಿಲಿನ ಪತ್ರದ ಕಿಂಡಿಯೊಳಗೆ ತಳ್ಳಿದಳು. ಅದು ಒಳಗಿನ ತಗಡಿನ ಡಬ್ಬಿಗೆ ಬಿದ್ದ ಸದ್ದು ಇಡೀ ಕಟ್ಟಡಕ್ಕೆ ಕೇಳಿಸಿತೇನೋ ಅನ್ನಿಸಿತು. ನೀರಿನ ಯೋಚನೆ ಅವಳ ತಲೆಯಲ್ಲೇ ಇರಲಿಲ್ಲ. ಹನ್ನೆರಡರಂದು ಅಂಗಡಿಯಲ್ಲಿ ಸಾಲು ನಿಂತು ತಂದ ಬಾಟಲಿಗಳನ್ನು ಸಿಂಕಿನ ಕೆಳಗೆ ತುರುಕಿ ಮರೆತಿದ್ದಳು. ಮೇ ತಿಂಗಳಲ್ಲಿ ವಾಪಸು ಬಂದಾಗ ಅಲ್ಲಿ ಏನೂ ಇರಲಿಲ್ಲ. ಮಾಲತಿ ತೆಗೆದುಕೊಂಡಿದ್ದಾಳೆ ಎಂದು ಆವತ್ತೇ ಅವಳಿಗೆ ಅರ್ಥವಾಯಿತು. ಸಾರಿನ ಪುಡಿಯ ಪೊಟ್ಟಣ ಹಿಡಿದು ಕೆಳಗೆ ಹೋದರೆ ಮಾಲತಿ ಬಾಗಿಲು ತೆಗೆದು, "ಬಾ, ಕಾಫಿ ಮಾಡ್ತೀನಿ," ಎಂದಳು. ಅಷ್ಟೇ. ಹದಿನಾರರ ಬೆಳಗ್ಗೆ ಮಾಲತಿ ಮಲಗಿದ್ದಳು, ಎದ್ದ ಮೇಲೆ ಬೀಗದ ಕೈ ನೋಡಿರುತ್ತಾಳೆ ಎಂದು ಕಾತ್ಯಾಯಿನಿ ಹನ್ನೆರಡು ವರ್ಷ ತನಗೆ ತಾನೇ ಹೇಳಿಕೊಂಡು ಬಂದಿದ್ದಳು. ಮಲಗಿದವರನ್ನು ಬಿಟ್ಟು ಹೋಗುವುದು ಸ್ವಲ್ಪ ಕಡಿಮೆ ತಪ್ಪು ಎಂದು ಅವಳ ಲೆಕ್ಕ.

ಪುಸ್ತಕ ಮನೆಯಿಂದ ಮನೆಗೆ ಸುತ್ತತೊಡಗಿತು. ಒಂದು ವಾರಕ್ಕೆ ಕಾತ್ಯಾಯಿನಿ ನಿಶಿ ಕಸಾಯಿಯ ದೇವತೆಯಾಗಿಬಿಟ್ಟಳು. ಇಂಡಿಯನ್ ಅಂಗಡಿಯಲ್ಲಿ ಇಂಗು ಹುಡುಕುತ್ತಿದ್ದರೆ ಓದುಗರ ಗುಂಪಿನ ಅಪರ್ಣಾ ಬಂದು ಎರಡೂ ಕೈ ಹಿಡಿದುಕೊಂಡು ಕಣ್ಣು ಒರೆಸಿಕೊಂಡಳು. ಬರೀ ಬೈಯೋದು ನಿಮಗೆ ಗೊತ್ತು ಅಂದುಕೊಂಡಿದ್ದೆವು, ಇಷ್ಟು ದೊಡ್ಡ ಕೆಲಸ ಮಾಡಿ ಬಾಯಿ ಬಿಟ್ಟಿಲ್ಲವಲ್ಲ ಎಂದಳು. ಅದೇ ಅಪರ್ಣಾ ಈ ಸುದ್ದಿಯನ್ನು ನಿಧಿಗೂ ಮುಟ್ಟಿಸಿದಳು. ನಿಧಿಗೆ ಈಗ ಹದಿನೇಳು. ಕನ್ನಡ ಓದಲು ಬಾರದು, ಕೇಳಿದರೆ ಎಲ್ಲ ತಿಳಿಯುತ್ತದೆ. ಅಮ್ಮನ ಮೇಲೆ ಸದಾ ಮುಖ ಗಂಟಿಕ್ಕಿಕೊಂಡಿರುವ ಹುಡುಗಿ ಆವತ್ತು ಶಾಲೆಯಿಂದ ಬಂದವಳೇ ಹಿಂದಿನಿಂದ ತಬ್ಬಿಕೊಂಡು, "ಅಮ್ಮಾ, ಯೂ ನೆವರ್ ಟೋಲ್ಡ್ ಮಿ," ಎಂದಳು. ಸಭೆಗೆ ತಾನೂ ಬರುತ್ತೇನೆಂದಳು. ಮಗಳು ಹಾಗೆ ತಬ್ಬಿ ಎರಡು ವರ್ಷವಾಗಿತ್ತು. ಕಾತ್ಯಾಯಿನಿ ಪಾತ್ರೆ ತೊಳೆಯುತ್ತಲೇ ನಿಂತಳು, ತಿರುಗಿ ನೋಡುವ ಧೈರ್ಯವಾಗಲಿಲ್ಲ.

ಹರಿಪ್ರಸಾದನ ಹತ್ತಿರ ಹೇಳಿಕೊಂಡರೆ ಅವನು ಸುಲಭದ ದಾರಿ ತೋರಿಸಿದ. ಬರೆದವಳು ಅವಳು, ನೀನಲ್ಲ. ಅವಳಿಗೇ ಬೇಡದ ಸತ್ಯ ನಿನಗ್ಯಾಕೆ? ಚೆನ್ನಾಗಿದೆ ಅಂದು ಬಾ. ಕಾತ್ಯಾಯಿನಿಗೆ ಸಿಟ್ಟು ನೆತ್ತಿಗೇರಿತು. ಹನ್ನೆರಡು ವರ್ಷ ಒಳಗಿಟ್ಟುಕೊಂಡಿದ್ದನ್ನು ಎತ್ತಿ ಎಸೆದಳು.

"ಬೆಲ್ ಮಾಡ್ಬೇಡ, ಲೇಟಾಗತ್ತೆ ಅಂತ ಅವತ್ತು ನೀವೇ ತಾನೇ ಅಂದಿದ್ದು?"

ಅವನು ಪೇಪರ್ ಕೆಳಗಿಟ್ಟ. ಅವನಿಗೆ ಕೋಪ ಬಂದಿರಲಿಲ್ಲ, ಅದೇ ಕಷ್ಟ.

"ನಾನು ಕೆಳಗಡೆ ಬಸ್ಸಿಗೆ ಬ್ಯಾಗ್ ಹಾಕ್ತಿದ್ದೆ ಕಣೆ. ನಾನು ಒಂಬತ್ತನೇ ಫ್ಲೋರಿಗೆ ಬರ್ಲೇ ಇಲ್ಲ."

ಕಾತ್ಯಾಯಿನಿ ನೆನಪಿಸಿಕೊಳ್ಳಲು ನೋಡಿದಳು. ಲಿಫ್ಟಿನ ಬಾಗಿಲ ಹತ್ತಿರ ಗಂಡ ನಿಂತು ಅವಸರ ಮಾಡಿದ ಚಿತ್ರ ಅಷ್ಟು ಸ್ಪಷ್ಟವಾಗಿತ್ತಲ್ಲ, ಅವನ ನೀಲಿ ಜಾಕೆಟ್ಟಿನ ಸಮೇತ. ಅವನು ಹೇಳಿದ ಮೇಲೆ ಆ ಜಾಕೆಟ್ಟಿನೊಳಗೆ ಯಾರೂ ಇರಲಿಲ್ಲ. ಅವಳೊಬ್ಬಳೇ ಇದ್ದಳು, ಹೆಗಲ ಮೇಲೆ ನಿಧಿ. ಇಷ್ಟು ವರ್ಷ ಪುಸ್ತಕಗಳ ಸುಳ್ಳು ಹುಡುಕಿದವಳು ತನ್ನ ಮನೆಯಲ್ಲೇ ಒಂದು ಸುಳ್ಳನ್ನು ಸಾಕಿಕೊಂಡಿದ್ದಳು.

ಭಾನುವಾರ ಬೆಳಗ್ಗೆ ಅಡಿಗೆಮನೆಯ ಮೇಜಿನ ಮೇಲೆ ನೋಟುಬುಕ್ಕು ತೆರೆದು ಕೂತಳು. ಅವಳ ಕಚೇರಿಯಲ್ಲಿ ತಪ್ಪು ಸಿಕ್ಕಿದ ಮೇಲೆ ಮಾಡುವ ಇನ್ನೊಂದು ಶಾಸ್ತ್ರವಿದೆ. ಯಾಕೆ ಎಂದು ಕೇಳಬೇಕು, ಬಂದ ಉತ್ತರಕ್ಕೆ ಮತ್ತೆ ಯಾಕೆ ಎನ್ನಬೇಕು, ಹೀಗೆ ಐದು ಸಲ. ಐದನೆಯ ಉತ್ತರದಲ್ಲಿ ಬೇರು ಸಿಗುತ್ತದೆ. ಇದನ್ನು ಕಲಿಸಿದ ಮೇಲಧಿಕಾರಿ ಮೊರಿತಾ ಸಾನ್ ಒಂದು ಎಚ್ಚರಿಕೆಯನ್ನೂ ಹೇಳಿದ್ದರು. ಕೊನೆಯ ಉತ್ತರ ಯಾರದಾದರೂ ಹೆಸರಾದರೆ ನಿಲ್ಲಿಸಬೇಡಿ, ನೀವಿನ್ನೂ ಬೇರಿಗೆ ಮುಟ್ಟಿಲ್ಲ ಎಂದು.

ಎಂಬತ್ನಾಲ್ಕನೆಯ ಪುಟದಿಂದ ಮುಂದೆ ಪುಸ್ತಕ ಸಪ್ಪೆಯಾಗಿದೆ, ಇದು ಓದುವವಳಾಗಿ ಅವಳಿಗೆ ಕಂಡ ಸತ್ಯ. ಯಾಕೆ? ಅಲ್ಲಿಂದ ಮುಂದೆ ಯಾರಿಗೂ ಸಿಟ್ಟು ಬರುವುದಿಲ್ಲ, ಎಲ್ಲರೂ ಒಳ್ಳೆಯವರು. ಯಾಕೆ? ಯಾರೂ ಯಾರ ಕೈಯನ್ನೂ ಬಿಡುವುದಿಲ್ಲ. ಯಾಕೆ? ಕೈ ಬಿಟ್ಟ ದಿನವನ್ನು ಬದಲಾಯಿಸಿ ಬರೆದಿದೆ. ಯಾಕೆ? ಕೈ ಬಿಟ್ಟವಳ ಮಾನ ಹೋಗುತ್ತದೆ. ಯಾಕೆ? ಇಲ್ಲಿಗೆ ಪೆನ್ನು ನಿಂತಿತು. ಆಮೇಲೆ ಬರೆದಳು: "ಅವಳು ಈ ಪುಸ್ತಕ ಓದುತ್ತಾಳೆ. ಅವಳ ಹೆಸರು ಕಾತ್ಯಾಯಿನಿ."

ಸಭೆಯ ದಿನ ಕೋಣೆ ತುಂಬಿತ್ತು. ಮಾಲತಿ ಬೆಳಗಿನ ಶಿಂಕಾನ್ಸೆನ್ ರೈಲು ಹತ್ತಿ ಬಂದಿದ್ದಳು, ತಿಳಿ ಹಸಿರು ಸೀರೆ, ಕೂದಲು ಅಲ್ಲಲ್ಲಿ ಬೆಳ್ಳಗೆ. ಇಂಚರಾಳಿಗೆ ಶಾಲೆಯ ಕಾರ್ಯಕ್ರಮವಂತೆ, ಬಂದಿರಲಿಲ್ಲ. ನಿಧಿ ಹಿಂದಿನ ಸಾಲಿನಲ್ಲಿ ಕೂತು ಅಮ್ಮನ ಕಡೆ ಹೆಬ್ಬೆರಳು ಎತ್ತಿ ತೋರಿಸಿದಳು. ಚಂದ್ರಮೌಳಿ, ಪುಸ್ತಕದೊಳಗಿನ ಪಾತ್ರವೇ ಪುಸ್ತಕದ ಬಗ್ಗೆ ಮಾತಾಡುವ ಭಾಗ್ಯ ನಮ್ಮ ಗುಂಪಿಗೆ ಇವತ್ತು ಬಂದಿದೆ ಎಂದು ಚಪ್ಪಾಳೆ ತಟ್ಟಿಸಿದರು. ಕಾತ್ಯಾಯಿನಿಗೆ ಎದ್ದು ಬಾಗಿಲ ಕಡೆ ನಡೆದುಬಿಡೋಣ ಅನ್ನಿಸಿತು. ಹಾಗೆ ಎದ್ದು ಹೋದದ್ದು ಒಂದು ಸಲಕ್ಕೆ ಸಾಕಾಗಿತ್ತು.

ಮೊದಲ ಎಂಬತ್ತು ಪುಟಗಳನ್ನು ಮನಸಾರೆ ಹೊಗಳಿದಳು. ಬಚ್ಚಲ ತೊಟ್ಟಿಯ ನೀರು ಹಜಾರಕ್ಕೆ ಬರುವ ಭಾಗವನ್ನು ಓದಿ ತೋರಿಸಿದಳು. ಆಮೇಲೆ ನೋಟುಬುಕ್ಕು ಬಿಚ್ಚಿದಳು. ಎಲ್ಲರಿಗೂ ಗೊತ್ತಿದ್ದ ನೋಟುಬುಕ್ಕು. ನಾಲ್ಕಾರು ಜನ ಆಗಲೇ ನಗಲು ತಯಾರಾದರು.

"ನಿರೀಕ್ಷೆ, ಮಾಲತಿ ನಿಜ ಬರೀತಾಳೆ ಅನ್ನೋದು. ಸಿಕ್ಕಿದ್ದು, ನನ್ನ ಮೇಲಿನ ಕರುಣೆ. ಎಂಬತ್ನಾಲ್ಕನೇ ಪುಟ ಸುಳ್ಳು. ನಾನು ಬೆಲ್ ಮಾಡ್ಲಿಲ್ಲ. ನಿನ್ನ ಬಿಟ್ಟು ಹೋಗಲ್ಲ ಅಂತ ಹಿಂದಿನ ಸಂಜೆ ಮಾತು ಕೊಟ್ಟಿದ್ದೆ. ಬೆಳಗ್ಗೆ ಅವಳ ಮನೆ ಕೀನ ಬಾಗಿಲ ಕಿಂಡೀಲಿ ಹಾಕಿ ಓಡಿಹೋದೆ. ನೀರು ನಾನು ಕೊಟ್ಟಿದ್ದಲ್ಲ. ಮರೆತು ಬಿಟ್ಟು ಹೋಗಿದ್ದು."

ಯಾರೂ ನಗಲಿಲ್ಲ. ಕೆಳಗಿನ ಮಹಡಿಯಲ್ಲಿ ಯಾರೋ ಪಿಯಾನೋ ಕಲಿಯುತ್ತಿದ್ದರು, ಅದೇ ನಾಲ್ಕು ಸ್ವರ ಮತ್ತೆ ಮತ್ತೆ. ಕಾತ್ಯಾಯಿನಿ ಐದು ಯಾಕೆಗಳನ್ನೂ ಓದಿದಳು, ಕೊನೆಯ ಹೆಸರಿನ ತನಕ. ಆ ಪುಟ ನಿಜವಾಗಿದ್ದಿದ್ದರೆ ಈ ಪುಸ್ತಕವನ್ನು ನಾನು ಎಲ್ಲರ ಮನೆಗೂ ಹೊತ್ತು ತಂದು ಕೊಡುತ್ತಿದ್ದೆ, ನನ್ನನ್ನು ಉಳಿಸಲು ಹೋಗಿ ಇದು ಕೆಟ್ಟಿತು, ಅದಕ್ಕೆ ನಾನೇ ಹೊಣೆ ಎಂದು ಕೂತಳು. ಹಿಂದಿನ ಸಾಲಿನ ಕಡೆ ನೋಡಲಿಲ್ಲ. ಅಪರ್ಣಾ ತಲೆ ತಗ್ಗಿಸಿ ತನ್ನ ಉಂಗುರ ತಿರುಗಿಸುತ್ತಿದ್ದಳು.

ಚಂದ್ರಮೌಳಿ ಎದ್ದು ನಿಂತರು. ಒಟ್ಟಾರೆ ಎಂದು ಶುರುಮಾಡಿ ಅಲ್ಲಿಗೇ ನಿಲ್ಲಿಸಿ ಮಾಲತಿಯ ಮುಖ ನೋಡಿದರು. ಮಾಲತಿ ಲೇಖಕಿಯ ಮಾತು ಆಡಲೆಂದು ಬರೆದು ತಂದಿದ್ದ ಎರಡು ಹಾಳೆಯನ್ನು ಮಡಿಸಿ ಚೀಲದಲ್ಲಿಟ್ಟುಕೊಂಡಳು. ನನಗೆ ಏನೂ ಹೇಳಲಿಕ್ಕಿಲ್ಲ, ಎಲ್ಲರಿಗೂ ನಮಸ್ಕಾರ ಎಂದಷ್ಟೇ ಅಂದಳು. ಮೂರೂವರೆಗೇ ಸಭೆ ಮುಗಿಯಿತು. ಕುರ್ಚಿ ಮಡಚಿ ಗೋಡೆಗೆ ಒರಗಿಸುವಾಗ ಕಾತ್ಯಾಯಿನಿಯ ಪಕ್ಕಕ್ಕೆ ಯಾರೂ ಬರಲಿಲ್ಲ. ನಿಧಿ ಅಮ್ಮನಿಗೆ ಬೆನ್ನು ಹಾಕಿ ಆರು ಕುರ್ಚಿ ಮಡಚಿದಳು. ಆಮೇಲೆ ಶೂ ಹಾಕಿಕೊಂಡು, ಮಾಲತಿಯ ಎದುರು ಜಪಾನಿನವರ ಹಾಗೆ ಸೊಂಟ ಬಗ್ಗಿಸಿ, "ಗೊಮೆನ್ನಸಾಯ್," ಎಂದು ಕ್ಷಮೆ ಕೇಳಿ ಒಬ್ಬಳೇ ಹೊರಟುಹೋದಳು. ಕ್ಷಮೆ ಕೇಳಿ ಹೋದವಳ ಬೆನ್ನನ್ನೇ ಕಾತ್ಯಾಯಿನಿ ನೋಡಿದಳು. ಐದು ವರ್ಷದ ಮಗುವಿನದು ಏನು ತಪ್ಪಿತ್ತು?

ಸ್ಟೇಷನ್ನಿಗೆ ಬಿಟ್ಟು ಬರುತ್ತೇನೆಂದರೆ ಮಾಲತಿ ಬೇಡ ಅನ್ನಲಿಲ್ಲ, ಬಾ ಎಂದೂ ಅನ್ನಲಿಲ್ಲ. ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಕೂತ ಮೇಲೆ ಕಾತ್ಯಾಯಿನಿ, ಬೈದುಬಿಡು ಮಾರಾಯ್ತಿ, ಹನ್ನೆರಡು ವರ್ಷದ್ದೂ ಸೇರಿಸಿ ಬೈದುಬಿಡು ಎಂದಳು. ಮಾಲತಿ ಹಳಿಗಳನ್ನು ನೋಡುತ್ತಲೇ ಶುರುಮಾಡಿದಳು.

"ಐದು ಯಾಕೆ ಅಂದೆ. ಇನ್ನೊಂದಿದೆ, ಅದು ನಂದು. ನಿನ್ನ ಉಳಿಸಕ್ಕೆ ನಾನು ಬರೀಲಿಲ್ಲ ಕಾತ್ಯಾಯಿನಿ. ನನ್ನ ಅಷ್ಟು ಒಳ್ಳೆಯವಳು ಅನ್ಕೋಬೇಡ. ಅವತ್ತು ನೀನು ಹೋದ್ಮೇಲೆ ನಿಂಗೆ ಶಾಪ ಹಾಕಿದೆ. ನಿಂಗಲ್ಲ, ನಿನ್ನ ಹೆಗಲ ಮೇಲೆ ಮಲಗಿತ್ತಲ್ಲ ಆ ಮಗೂಗೆ. ನಿಧಿ ಹೆಸರು ಹಿಡಿದು, ಬಾಯಿಬಿಟ್ಟು. ನಂದು ಇಲ್ಲಿ ಸಾಯೋದಾದ್ರೆ ನಿಂದೂ ಬದುಕಬಾರದು ಅಂದೆ."

ಎದುರಿನ ಹಳಿಯಲ್ಲಿ ರೈಲು ಬಂದು ಹೋಯಿತು. ಅದು ಹೋಗುವ ತನಕ ಕಾದು ಮುಂದುವರಿಸಿದಳು.

"ಮೂರು ದಿನ ಬಿಟ್ಟು ಇವರು ಬಸ್ಸು ಹಿಡಿದು ವಾಪಸ್ ಬಂದ್ರು. ಅದಾಗಿ ನಾಕು ದಿನಕ್ಕೆ ನೀರಿನ ಸುದ್ದಿ ಬಂತು. ಅಂಗಡೀಲಿ ಒಂದು ಬಾಟ್ಲಿ ಇಲ್ಲ. ನಿಮ್ಮನೆ ಕೀ ತಗೊಂಡು ಕಳ್ಳಿ ಥರ ಒಳಗೆ ಹೋದೆ. ಶಾಪ ಹಾಕಿದ ಮನೆ ನೀರು ನನ್ನ ಮಗೂಗೆ ಹೇಗೆ ಕುಡಿಸ್ಲಿ ಹೇಳು? ನೀನೇ ಕೊಟ್ಟು ಹೋದೆ ಅಂದ್ಕೊಂಡೆ. ಅಂದ್ಕೊಂಡ್ರೇನೇ ಬಾಟ್ಲಿ ಮುಚ್ಚಳ ತೆಗೆಯಕ್ಕೆ ಕೈ ಬಂದಿದ್ದು. ಆಮೇಲೆ ಇಂಚರಾಗೂ ಅದನ್ನೇ ಹೇಳಿ ಬೆಳೆಸಿದೆ."

ಕಾತ್ಯಾಯಿನಿಗೆ ಮಗಳ ಹೆಸರು ಹಿಡಿದು ಶಾಪ ಎಂದದ್ದು ಒಳಗೆ ಎಲ್ಲೋ ಚುಚ್ಚಿ ಅಲ್ಲೇ ನಿಂತಿತ್ತು. ಸಿಟ್ಟು ಮಾಡಿಕೊಳ್ಳುವ ಹಕ್ಕು ತನಗಿಲ್ಲ ಎಂದು ಗೊತ್ತಿದ್ದೂ ಸಿಟ್ಟು ಬರುತ್ತಿತ್ತು. ಆಗ ಇನ್ನೊಂದು ಮಾತು ತಟ್ಟನೆ ಹೊಳೆಯಿತು.

"ನಿಧಿ ಹೆಗಲ ಮೇಲೆ ಮಲಗಿದ್ದು ನಿಂಗೆ ಹೇಗೆ ಗೊತ್ತು?"

ಮಾಲತಿ ಕೈ ಚಾಚಿದಳು. ನಿನ್ನ ಪ್ರತಿ ಕೊಡು, ಪೆನ್ಸಿಲ್ಲೂ ಕೊಡು ಎಂದು ಇಸಿದುಕೊಂಡಳು. ಎಂಬತ್ನಾಲ್ಕನೆಯ ಪುಟ ತೆಗೆದು ಮಂಡಿಯ ಮೇಲಿಟ್ಟುಕೊಂಡು, ಕನ್ನಡಕ ಏರಿಸಿ, ಶಾಲೆಯ ಮೇಡಂ ಉತ್ತರ ಪತ್ರಿಕೆ ತಿದ್ದುವ ಹಾಗೆ ಒಂದೊಂದೇ ಸಾಲು ಹೊಡೆದು ಅಂಚಿನಲ್ಲಿ ಬರೆಯತೊಡಗಿದಳು. 'ಬಿಟ್ಟುಕೊಟ್ಟಳು' ಎಂಬುದರ ಮೇಲೆ ಗೆರೆ ಎಳೆದು 'ನಾನೇ ತೆಗೆದುಕೊಂಡೆ' ಎಂದು ಬರೆದದ್ದು ಕಾತ್ಯಾಯಿನಿಗೆ ಕಾಣಿಸಿತು. ಅಷ್ಟರಲ್ಲಿ ರೈಲು ಬಂತು. ಮಾಲತಿ ಕೊನೆಯ ಸಾಲನ್ನು ನಿಂತುಕೊಂಡೇ ಬರೆದು ಪುಸ್ತಕ ಮುಚ್ಚಿ ಅವಳ ಕೈಗೆ ಕೊಟ್ಟು ಹತ್ತಿದಳು. ಬಾಗಿಲು ಮುಚ್ಚಿಕೊಂಡಿತು. ಗಾಜಿನ ಆಚೆಯಿಂದ ಕೈ ಬೀಸಲಿಲ್ಲ, ಮುಖವನ್ನೂ ತಿರುಗಿಸಲಿಲ್ಲ, ರೈಲು ಹೊರಡುವ ತನಕ ಕಾತ್ಯಾಯಿನಿಯನ್ನೇ ನೋಡುತ್ತ ನಿಂತಿದ್ದಳು.

ಐನೂರು ಪ್ರತಿಗಳಲ್ಲಿ ಒಂದು ಪ್ರತಿ ಈಗ ತಿದ್ದಿದ್ದು. ಉಳಿದವು ಬೆಂಗಳೂರಿನಲ್ಲೂ ಮೈಸೂರಿನಲ್ಲೂ ನಿಶಿ ಕಸಾಯಿಯ ಮನೆಮನೆಗಳಲ್ಲೂ ಕಾತ್ಯಾಯಿನಿಯನ್ನು ದೇವತೆ ಎನ್ನುತ್ತಲೇ ಇರುತ್ತವೆ. ಅವಳು ಬೆಂಚಿನ ಮೇಲೆ ಕೂತು ಪುಟ ತೆರೆದಳು. 'ಬೆಲ್ ಮಾಡಿದಳು' ಹೊಡೆದುಹಾಕಿತ್ತು. 'ನಾನು ಬಾಗಿಲು ತೆರೆದೆ' ಎಂಬುದನ್ನು ಎರಡು ಗೆರೆ ಎಳೆದು ಹೊಡೆದುಹಾಕಿತ್ತು. ಅದರ ಪಕ್ಕದಲ್ಲಿ, ಅವಸರದ ಪೆನ್ಸಿಲ್ ಅಕ್ಷರದಲ್ಲಿ, ಮಾಲತಿ ಬರೆದಿದ್ದಳು:

"ತೆರೆಯಲಿಲ್ಲ. ಬಾಗಿಲಿನ ಗಾಜಿನ ಕಿಂಡಿಯಿಂದ ನೋಡುತ್ತಿದ್ದೆ. ಬೀಗದ ಕೈ ಹಾಕಿ ಓಡಿದೆ ಅಂದೆಯಲ್ಲ, ಅದೂ ಸುಳ್ಳು. ಹಾಕಿದ ಮೇಲೂ ನೀನು ನಿಂತಿದ್ದೆ. ಬಹಳ ಹೊತ್ತು. ಬೆಲ್ ಮಾಡಲಿ ಎಂದು ನಾನು ಕಾಯುತ್ತಿದ್ದೆ. ಚಿಲಕದ ಮೇಲೆ ನನ್ನ ಕೈ ಇತ್ತು."